ಇತರೆ ಕಿಟಕಿಯವರು

ನನ್ನ ಗಂಡ ಯಾವ ಯುದ್ಧಕ್ಕೂ ಹೋದವನಲ್ಲ. ಗೋಡೆಗೆ ಗಾರೆ ಬಳಿಯಲು ಹೋದವನು. ಸಮುದ್ರದಾಚೆಯ ಆ ದೇಶದಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿದ್ದವು, ಗಾರೆಯವರು ಬೇಕಾಗಿದ್ದರು, ಹೋದ. ನಮ್ಮ ಓಣಿಯಿಂದಲೇ ಅವನಂಥವರು ಹಲವರು ಹೋಗಿದ್ದರು. ಆಮೇಲೆ ಎರಡೂ ದೇಶದ ದೊಡ್ಡವರು ಜಗಳ ತೆಗೆದರು. ಯಾತಕ್ಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ರೇಡಿಯೋದಲ್ಲಿ ಹೇಳುವವನಿಗೂ ಸರಿಯಾಗಿ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಯುದ್ಧ ಶುರುವಾದ ವಾರವೇ ಅಲ್ಲಿನ ಪೊಲೀಸರು ಲಾರಿ ತಂದರು. ನಮ್ಮ ದೇಶದವರು ಯಾರು ಯಾರು ಎಂದು ಕೇಳಿ ಕೆಲಸದ ಜಾಗದಿಂದಲೇ ತುಂಬಿಕೊಂಡು ಹೋದರು. ನನ್ನ ಗಂಡ ಗೋಡೆಗೆ ಕಟ್ಟಿದ್ದ ಸಾರುವೆ ಮೇಲೆ ನಿಂತಿದ್ದನಂತೆ. ಇಳಿ ಅಂದರಂತೆ. ಬಳಿದ ಗಾರೆ ಒಣಗಿಹೋಗುತ್ತೆ, ಒಂದು ಸಲ ತಿಕ್ಕಿ ಬರುತ್ತೇನೆ ಅಂದನಂತೆ. ಸಾರುವೆಯ ಕಂಬಕ್ಕೆ ಬೂಟುಗಾಲಲ್ಲಿ ಒದ್ದರಂತೆ.

ಇಷ್ಟನ್ನು ನಮಗೆ ಫೋನಿನಲ್ಲಿ ಹೇಳಿದವನು ಅವನ ಜೊತೆ ಗಾರೆ ಕಲಸುತ್ತಿದ್ದ ಬೇರೆ ದೇಶದವನೊಬ್ಬ. ಅವನನ್ನು ಹಿಡಿದಿರಲಿಲ್ಲ. ನಮ್ಮ ಮಾತು ಅವನಿಗೆ ಅರ್ಧ ಬರುತ್ತಿತ್ತು. ಬಿದ್ದನಾ, ಪೆಟ್ಟಾಯಿತಾ ಎಂದು ನಾನು ಕೇಳುವಷ್ಟರಲ್ಲಿ ಲೈನು ಹೋಯಿತು. ಆಮೇಲೆ ಆ ಕಡೆಗೆ ಫೋನೇ ಬಂದ್ ಮಾಡಿದರು.

ವಿಚಾರಿಸುವುದಕ್ಕೆ ಒಂದು ಕಚೇರಿ ತೆರೆದರು. ಅಲ್ಲಿ ಎರಡು ಕಿಟಕಿ. ಒಂದರ ಮೇಲೆ ‘ಕಂಪನಿ ನೌಕರರ ಕುಟುಂಬದವರು’ ಎಂಬ ಬೋರ್ಡು. ಅದರ ಮುಂದೆ ಕುರ್ಚಿ, ಫ್ಯಾನು, ಕುಡಿಯುವ ನೀರು. ಇನ್ನೊಂದರ ಮೇಲೆ ‘ಇತರೆ’. ಅದರ ಮುಂದೆ ಒಂದು ಉದ್ದ ಬೆಂಚು, ಬೆಂಚು ಸಾಲದವರಿಗೆ ನೆಲ. ಗಾರೆಯವರು, ಅಡುಗೆಯವರು, ಮನೆಗೆಲಸದವರು, ಲಾರಿ ಕ್ಲೀನರುಗಳು, ಎಲ್ಲರ ಮನೆಯವರೂ ಸೇರಿ ಇತರೆ.

ನನ್ನ ಜೊತೆ ಬರುತ್ತಿದ್ದವರು ಮಾವ, ನನ್ನ ಗಂಡನ ಅಪ್ಪ. ರೈಲ್ವೆ ಸ್ಟೇಷನ್ನಿನಲ್ಲಿ ಕೂಲಿಯಾಗಿದ್ದವರು. ಜನರ ಪೆಟ್ಟಿಗೆ ಹೊತ್ತು ಹೊತ್ತು ಕುತ್ತಿಗೆ ಭುಜದೊಳಗೆ ಕುಸಿದಿದೆ. ರೈಲಿನ ಕೂಗಿಗೆ ಕಿವಿ ಮುಕ್ಕಾಲು ಹೋಗಿದೆ. ಆದರೂ ಕಿಟಕಿಯ ಹತ್ತಿರ ನನ್ನನ್ನು ಮಾತಾಡಲು ಬಿಡುತ್ತಿರಲಿಲ್ಲ. ಮಗ ಅವರವನು, ಕೇಳುವ ಹಕ್ಕೂ ಅವರದ್ದು.

ಮೊದಲ ದಿನ ಕಿಟಕಿಯವನು ತಲೆ ಎತ್ತದೆ ಹೇಳಿದ. “ಮಾಹಿತಿ ಬಂದಿಲ್ಲ.”

“ಸಾಹಿತಿ ಅಲ್ಲ ಸ್ವಾಮಿ,” ಅಂದರು ಮಾವ. “ನನ್ನ ಮಗ ಗಾರೆಯವನು.”

ಬೆಂಚಿಡೀ ನಕ್ಕಿತು. ಕಿಟಕಿಯವನೂ ನಕ್ಕ. ಯಾಕೆ ನಕ್ಕರು ಎಂದು ಮಾವ ನನ್ನ ಮುಖ ನೋಡಿದರು. ನಾನೂ ನಕ್ಕೆ. ಆ ಜಾಗದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ನಗು ಮುಗಿದ ಮೇಲೆ ಕಿಟಕಿಯವನು ಕೇಳಿದ. “ಅಲ್ಲಿಗೆ ಹೋಗು ಅಂತ ಯಾರು ಹೇಳಿದ್ರು? ಇಲ್ಲಿ ಗೋಡೆ ಇರಲಿಲ್ವಾ?”

ಗೋಡೆ ಬೇಕಾದಷ್ಟಿದ್ದವು. ಆ ಗೋಡೆಗಳಿಗೆ ಬಳಿಸಿಕೊಂಡವರು ಕೂಲಿ ಕೊಡದೆ ಓಡಾಡಿಸುತ್ತಿದ್ದರು. ಅದನ್ನು ಹೇಳೋಣ ಅಂದುಕೊಂಡೆ. ಹಿಂದಿನವರು ತಳ್ಳಿದರು. ಸರಿದೆ.

ಬೆಂಚಿನ ಮೇಲೆ ನನ್ನ ಪಕ್ಕ ಹೊಲಿಗೆಯಮ್ಮ ಕೂರುತ್ತಿದ್ದಳು. ಗುಂಡಿ ಹಾಕುವುದಕ್ಕಿರುವ ಅಂಗಿಗಳ ಗಂಟನ್ನು ಅಲ್ಲಿಗೇ ತಂದು, ಕಾಯುತ್ತಾ ಗುಂಡಿ ಹಾಕುತ್ತಿದ್ದಳು. ಅವಳಿಗಿದ್ದವನು ಒಬ್ಬನೇ ಮಗ. ಅಲ್ಲಿ ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದ. ಆಚೆ ಕಿಟಕಿಯ ಕುರ್ಚಿಗಳಲ್ಲಿ ಕೂರುತ್ತಿದ್ದವರಿಗೆ ಒಬ್ಬ ಇಂಜಿನಿಯರನ ಹೆಂಡತಿ ಮುಂದಾಳು. ಒಳ್ಳೆಯ ಹೆಂಗಸು. ಒಂದೆರಡು ಸಲ ನಮ್ಮ ಬೆಂಚಿಗೂ ಬಂದು, “ನಿಮ್ಮ ನೋವು ಬೇರೆ ಅಲ್ಲ, ನಮ್ಮ ನೋವು ಬೇರೆ ಅಲ್ಲ,” ಅಂದಳು. ನೋವು ಬೇರೆ ಅಲ್ಲದಿರಬಹುದು. ಕಿಟಕಿ ಬೇರೆ ಇತ್ತು.

ನನ್ನ ಕೆಲಸ ಲಾಂಡ್ರಿಯಲ್ಲಿ. ಸೂಟು ಕೋಟು ಒಗೆಯುವ ಅಂಗಡಿಯಲ್ಲ. ಆಸ್ಪತ್ರೆಯ, ಹಾಸ್ಟೆಲಿನ, ಜೈಲಿನ ಕೊಳೆ ಬಂದು ಬೀಳುವ ದೊಡ್ಡ ಶೆಡ್ಡು. ಕುದಿಯುವ ತೊಟ್ಟಿಯಿಂದ ಬೆಡ್‌ಶೀಟುಗಳನ್ನು ಕೋಲಿನಲ್ಲಿ ಎತ್ತಿ ಆಚೆ ತೊಟ್ಟಿಗೆ ಹಾಕಬೇಕು. ಒದ್ದೆ ಬೆಡ್‌ಶೀಟು ಹೆಣದ ಭಾರ. ಸಂಜೆಗೆ ಸೊಂಟ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಒಗೆಯುವ ಸೋಡಾ ತಿಂದು ಬೆರಳ ಸಂದಿಗಳು ಬಿಳಿಚಿ ಒಡೆಯುತ್ತವೆ. ಊಟಕ್ಕೆ ಕೂತಾಗ ಉಪ್ಪು ತಾಗಿ ಕಣ್ಣಲ್ಲಿ ನೀರು ಬರುತ್ತೆ.

ಅಲ್ಲಿ ನಮ್ಮವರನ್ನು ಹಿಡಿದರೆ, ಇಲ್ಲಿ ನಮ್ಮ ಸರ್ಕಾರವೂ ಸುಮ್ಮನೆ ಕೂತಿರಲಿಲ್ಲ. ಆ ದೇಶದಿಂದ ಬಂದು ಇಲ್ಲಿ ಅಂಗಡಿ ಇಟ್ಟುಕೊಂಡವರು, ಪಾಠ ಹೇಳುತ್ತಿದ್ದವರು, ಗಡಿಯಾರ ರಿಪೇರಿಯವರು, ಅವರ ಹೆಂಡತಿ ಮಕ್ಕಳು, ಎಲ್ಲರನ್ನೂ ಹಿಡಿದು ಊರಾಚೆ ಮುಚ್ಚಿಹೋಗಿದ್ದ ಗಿರಣಿಯಲ್ಲಿ ಕೂಡಿಹಾಕಿದ್ದರು. ಅವರ ಹೊದಿಕೆ, ಬೆಡ್‌ಶೀಟು ಒಗೆಯುವ ಕಂಟ್ರಾಕ್ಟು ನಮ್ಮ ಲಾಂಡ್ರಿಗೆ ಬಂತು. ತಿಂಗಳಿಗೊಮ್ಮೆ ಬದಲಾಯಿಸುತ್ತಿದ್ದರೋ ಏನೋ. ಗಂಟು ಬಿಚ್ಚಿದರೆ ವಾಸನೆಗೆ ಮೂಗು ಹೋಗುತ್ತಿತ್ತು.

“ಶತ್ರುಗಳ ಹೇಲು ಉಚ್ಚೆ ನಾವು ಒಗೀಬೇಕಾ?” ಅಂದರು ನಮ್ಮ ಹೆಂಗಸರು.

“ಒಗೀಬೇಕು,” ಅಂದ ಲಾಂಡ್ರಿಯ ಮೇಸ್ತ್ರಿ. “ಇಲ್ಲಾಂದ್ರೆ ಮನೇಗೆ ಹೋಗ್ಬೇಕು.”

ನಾನು ಆ ತೊಟ್ಟಿಗೆ ಉಗುಳಿದೆ. ನನ್ನ ಗಂಡನನ್ನು ಸಾರುವೆಯಿಂದ ಬೀಳಿಸಿದವರ ಬಟ್ಟೆ ಇದು ಅಂದುಕೊಂಡು ಉಗುಳಿದೆ. ಆಮೇಲೆ ಒಗೆದೆ. ಹೇನು ಇದ್ದವು. ಮಕ್ಕಳು ಹಾಸಿಗೆಯಲ್ಲೇ ಮಾಡಿಕೊಂಡ ಕಲೆ ಇತ್ತು. ಹೆಂಗಸರಿಗೆ ತಿಂಗಳ ಮುಟ್ಟಿಗೆ ಬೇರೆ ಬಟ್ಟೆ ಸಿಗದೆ ಬೆಡ್‌ಶೀಟಿನ ಮೂಲೆ ಹರಿದುಕೊಂಡದ್ದು ಕಾಣುತ್ತಿತ್ತು. ಒಂದು ಸಲ ಒಂದು ಪುಟ್ಟ ಫ್ರಾಕು ಬಂತು. ದಿಂಬಿನ ಕವರಿನಲ್ಲಿ ಮಾಡಿದ್ದು. ದಾರ ಇರಲಿಲ್ಲವೆಂದು ಕಾಣುತ್ತೆ, ಬೆಡ್‌ಶೀಟಿನ ಅಂಚಿನಿಂದಲೇ ಎಳೆ ಕಿತ್ತು ಹೊಲಿದಿದ್ದರು. ಮೇಸ್ತ್ರಿ ಅದನ್ನು ಎತ್ತಿ ಹಿಡಿದು ನೋಡಿದ. “ಇದು ದಿಂಬಿನ ಕವರು. ದಿಂಬಿನ ಕವರಾಗೇ ವಾಪಸ್ ಹೋಗ್ಬೇಕು,” ಅಂದು ಹೊಲಿಗೆಯ ಗುಂಟ ಬ್ಲೇಡು ಎಳೆದ. ತೋಳು ಬಿತ್ತು, ಕುತ್ತಿಗೆ ಬಿಚ್ಚಿತು. ನಾನು ಅದನ್ನು ತೊಳೆದು, ಮಡಿಸಿ, ಕವರುಗಳ ಜೊತೆಗಿಟ್ಟೆ. ಅವತ್ತಿನಿಂದ ಉಗುಳಲಿಲ್ಲ. ಹಾಗಂತ ಅವರ ಮೇಲೆ ಕನಿಕರ ಬಂತು ಅಂತ ಅಲ್ಲ. ಉಗುಳಿದರೆ ಯಾರಿಗೆ ತಾಗುತ್ತೆ ಎಂದು ತಿಳಿಯದೆ ಹೋಯಿತು.

ಹೀಗಿರುವಾಗ ಕಚೇರಿಯಿಂದ ಎಲ್ಲರಿಗೂ ಕರೆ ಬಂತು. ಎರಡೂ ಕಿಟಕಿಯವರು ಕಚೇರಿಯ ದೊಡ್ಡ ಹಾಲ್‌ನಲ್ಲಿ ಸೇರಬೇಕು, ಅಲ್ಲಿಂದ ಚಿತ್ರ ಬಂದಿದೆ. ಯುದ್ಧಕ್ಕೆ ಸೇರದ ಯಾವುದೋ ದೇಶದವರು ಎರಡೂ ಕಡೆಯ ಸೆರೆಮನೆ ನೋಡಿ ಬರುತ್ತಾರಂತೆ. ಅವರು ಅಲ್ಲಿ ತೆಗೆದ ಚಿತ್ರ. ಕನ್ನಡಕದ ಸಾಹೇಬ ಬಂದ. ಆ ಕಚೇರಿಗೆಲ್ಲ ಅವನೇ ದೊಡ್ಡವನು. ನಾವು ಅವನನ್ನು ಅಲ್ಲಿಯವರೆಗೆ ಕಾರು ಹತ್ತುವಾಗ ಮಾತ್ರ ನೋಡಿದ್ದೆವು.

ಗೋಡೆಯ ಮೇಲೆ ಚಿತ್ರ ಬಿತ್ತು. ಉದ್ದ ಕೋಣೆ. ಸಾಲು ಮಂಚ. ಮಂಚದ ಮೇಲೆ ಬೆಳ್ಳಗೆ ಬೆಡ್‌ಶೀಟು. ಒಂದೊಂದರ ಮೇಲೆ ಇಬ್ಬಿಬ್ಬರು ಗಂಡಸರು ಮೊಣಕಾಲಿನ ಮೇಲೆ ಕೈಯಿಟ್ಟು ಕೂತಿದ್ದಾರೆ.

ಮಾವ ಎದ್ದು ಗೋಡೆಯ ಹತ್ತಿರವೇ ಹೋದರು. ಅವರ ನೆರಳು ಚಿತ್ರದ ಮೇಲೆ ಬಿತ್ತು. ಕೂತ್ಕೊಳ್ಳಯ್ಯಾ ಮುದುಕ ಎಂದು ಹಿಂದಿನಿಂದ ಕೂಗಿದರು. ಅವರಿಗೆಲ್ಲಿ ಕೇಳಬೇಕು. ಬೆರಳು ಎತ್ತಿ ಒಂದು ಮುಖದ ಮೇಲಿಟ್ಟರು.

“ಇವನೇ.”

ನಾನು ಓಡಿಹೋಗಿ ನೋಡಿದೆ. ಅವನೇ. ಗಲ್ಲ ಒಳಗೆ ಹೋಗಿತ್ತು. ತಲೆ ಬೋಳಿಸಿದ್ದರು. ಆದರೂ ಅವನೇ, ಬಿಳಿ ಬೆಡ್‌ಶೀಟಿನ ಮೇಲೆ ಕೂತಿದ್ದ. ಅವನು ಇಡೀ ಜೀವಮಾನದಲ್ಲಿ ಅಂಥ ಹಾಸಿಗೆ ಮೇಲೆ ಮಲಗಿದವನಲ್ಲ. ಹೊಲಿಗೆಯಮ್ಮನ ಮಗನೂ ಸಿಕ್ಕಿದ. ಅವಳು ಗೋಡೆಯನ್ನು ಸವರಿದಳು. ನಾವೆಲ್ಲ ಅತ್ತೆವು. ಅತ್ತದ್ದು ಸಂತೋಷಕ್ಕೆ.

“ನೋಡಿದ್ರಲ್ಲ,” ಅಂದ ಸಾಹೇಬ. “ನಿಮ್ಮ ಮನೇಲಿ ಇದ್ದದ್ದಕ್ಕಿಂತ ಚೆನ್ನಾಗಿದ್ದಾರೆ. ಇನ್ಮೇಲೆ ದಿನಾ ಬಂದು ಗುಂಪು ಕಟ್ಟಬೇಡಿ. ಮಾತುಕತೆ ನಡೀತಿದೆ. ಅಲ್ಲಿಂದ ನಮ್ಮವರು ಬರ್ತಾರೆ, ಇಲ್ಲಿಂದ ಅವರವರು ಹೋಗ್ತಾರೆ. ತಲೆಗೆ ತಲೆ. ಮೊದಲು ಕಂಪನಿಯವರು. ಇತರೆಯವರದ್ದು ಆಮೇಲೆ.”

ಆಮೇಲೆ ಅಂದರೆ ಯಾವಾಗ ಎಂದು ಯಾರೂ ಕೇಳಲಿಲ್ಲ. ಬಿಳಿ ಬೆಡ್‌ಶೀಟು ನೋಡಿ ನಮ್ಮ ಬಾಯಿ ಕಟ್ಟಿತ್ತು.

ಅದಾದ ಸ್ವಲ್ಪ ದಿನಕ್ಕೆ ಲಾಂಡ್ರಿಗೆ ಹೊಸ ಬೆಡ್‌ಶೀಟುಗಳ ಬೇಲುಗಳು ಬಂದವು. ಮೇಸ್ತ್ರಿ ನಮ್ಮಲ್ಲಿ ಕೆಲವರನ್ನು ವ್ಯಾನಿಗೆ ಹತ್ತಿಸಿದ. ಗಿರಣಿಗೆ ಹೋಗಿ ಹಾಸಿಗೆ ಹಾಸಬೇಕಂತೆ. ಅಲ್ಲಿ ಚಿತ್ರ ತೆಗೆದ ಅದೇ ಬೇರೆ ದೇಶದವರು ಇಲ್ಲಿಗೂ ನೋಡಲು ಬರುತ್ತಾರಂತೆ.

ಗಿರಣಿಯೊಳಗೆ ಹೊಕ್ಕಾಗ ಮೊದಲು ಕಂಡದ್ದು ನೆಲದ ಮೇಲಿದ್ದ ಹುಲ್ಲು. ನಾವು ಒಗೆದ ಹಳೇ ಬೆಡ್‌ಶೀಟು ಹಾಸಿಕೊಳ್ಳುತ್ತಿದ್ದದ್ದು ಆ ಹುಲ್ಲಿನ ಮೇಲೆ. ಸಿಪಾಯಿಗಳು ಅದನ್ನು ಗುಡಿಸಿ ಹಿಂದಿನ ಬಾಗಿಲಿಂದ ಹೊರಗೆ ಹಾಕುತ್ತಿದ್ದರು. ಮುಂದಿನ ಬಾಗಿಲಿಂದ ಆಸ್ಪತ್ರೆಯ ಮಂಚಗಳು ಬರುತ್ತಿದ್ದವು. ಜನರನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ನಾನು ಇಷ್ಟು ದಿನ ಅವರ ಕೊಳೆ ನೋಡಿದ್ದೆ, ಮುಖ ನೋಡಿದ್ದು ಅವತ್ತೇ. ಶತ್ರುಗಳ ಹಾಗೆ ಇರಲಿಲ್ಲ. ನಮ್ಮ ಬೆಂಚಿನವರ ಹಾಗಿದ್ದರು. ಕೆಮ್ಮುತ್ತಿದ್ದರು.

ನಾವು ಹಾಸುತ್ತಾ ಹೋದೆವು. ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಮುಂದೆ ಬಂದು ನಾನು ಹಾಸಿದ ಬೆಡ್‌ಶೀಟನ್ನು ಅಂಗೈಯಿಂದ ಮುಟ್ಟಿದಳು. ಮೇಸ್ತ್ರಿ ಅವಳ ಕೈಗೆ ಹೊಡೆದ. “ಕೊಳೆ ಮಾಡ್ಬೇಡ. ಸಂಜೆ ವಾಪಸ್ ಹೋಗೋ ಮಾಲು ಇದು.”

ಆಮೇಲೆ ಸಿಪಾಯಿಗಳು ಗೋಡೆಗೆ ನಿಂತವರನ್ನು ಎಳೆದು ತಂದು ಮಂಚದ ಮೇಲೆ ಕೂರಿಸಿದರು. ಒಂದು ಮಂಚಕ್ಕೆ ಇಬ್ಬರು. ಒಬ್ಬ ಮುದುಕನಿಗೆ ಹೇಗೆ ಕೂರಬೇಕೆಂದು ತಿಳಿಯಲಿಲ್ಲ. ಸಿಪಾಯಿ ಅವನ ಎರಡೂ ಕೈ ಹಿಡಿದು ಮೊಣಕಾಲಿನ ಮೇಲಿಟ್ಟ.

ನನ್ನ ಕೈಯಲ್ಲಿದ್ದ ದಿಂಬು ಕೆಳಗೆ ಬಿತ್ತು.

ಅವತ್ತು ಕಚೇರಿಯ ಹಾಲ್‌ನಲ್ಲಿ ನಾನು ಅತ್ತದ್ದು ಇಂಥದ್ದನ್ನೇ ನೋಡಿ. ಅಲ್ಲಿಯೂ ಒಬ್ಬಳು ನನ್ನಂಥವಳು ವ್ಯಾನಿನಲ್ಲಿ ಬಂದು ಹಾಸಿದ್ದಾಳೆ. ಅಲ್ಲಿಯೂ ಒಬ್ಬ ಮೇಸ್ತ್ರಿ ಕೊಳೆ ಮಾಡಬೇಡ ಅಂದಿದ್ದಾನೆ. ನನ್ನ ಗಂಡನ ಕೈಯನ್ನು ಯಾರೋ ಹಿಡಿದು ಮೊಣಕಾಲಿನ ಮೇಲಿಟ್ಟಿದ್ದಾರೆ. ಸಂಜೆ ಅವನನ್ನು ಎಬ್ಬಿಸಿ, ಅವನ ಕೆಳಗಿಂದ ಬೆಡ್‌ಶೀಟು ಎಳೆದುಕೊಂಡು ಹೋಗಿದ್ದಾರೆ. ಅವನು ಮತ್ತೆ ಹುಲ್ಲಿನ ಮೇಲೆ. ಹುಲ್ಲಾದರೂ ಇದೆಯೋ ಇಲ್ಲವೋ. ನಾನು ಇಲ್ಲಿ ಅವನು ಸುಖವಾಗಿದ್ದಾನೆ ಎಂದು ಹೊಟ್ಟೆ ತುಂಬ ಉಂಡಿದ್ದೆ.

ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಹೇಳಲಾರೆ. ಮೊದಲು ನನ್ನ ಮೇಲೆ.

ನೋಡುವವರು ಬಂದರು, ಮಂಚಗಳ ನಡುವೆ ನಡೆದರು, ಚಿತ್ರ ತೆಗೆದರು. ಕನ್ನಡಕದ ಸಾಹೇಬ ಜೊತೆಗೇ ಇದ್ದ. ಎಲ್ಲ ಮುಗಿಸಿ ಅವರು ಹೊರಗೆ ಜಗಲಿಯಲ್ಲಿ ಚಹಾ ಕುಡಿಯಲು ಕೂತರು. ಮೇಸ್ತ್ರಿ ನಮ್ಮ ಹತ್ತಿರ ಬಂದು ಕಣ್ಸನ್ನೆ ಮಾಡಿದ. “ಒಳಗಿನ ಸಾಲಿಂದ ಬೆಡ್‌ಶೀಟು ತೆಗೀತಾ ಬನ್ನಿ. ಸದ್ದು ಮಾಡ್ಬೇಡಿ.”

“ನಾನು ತೆಗೆಯಲ್ಲ,” ಅಂದೆ.

“ಏನು?”

“ಹಾಸು ಅಂದ್ರಿ, ಹಾಸಿದೆ. ತೆಗೆಯಲ್ಲ. ಅವರು ಮಲಗಲಿ.”

ಮೇಸ್ತ್ರಿ ನನ್ನ ರಟ್ಟೆ ಹಿಡಿದ. ನಾನು ಹತ್ತಿರದ ಮಂಚದ ಮೇಲೆ ಕೂತುಬಿಟ್ಟೆ. ಮಗುವಿನ ಹೆಂಗಸು ಕೂತಿದ್ದ ಮಂಚ. ಅವಳು ಹೆದರಿ ಸರಿದಳು. ಅವನು ಎಳೆದ, ನಾನು ಮಂಚದ ಕಬ್ಬಿಣ ಹಿಡಿದುಕೊಂಡೆ. ಕುದಿಯುವ ತೊಟ್ಟಿಯಿಂದ ಒದ್ದೆ ಬಟ್ಟೆ ಎತ್ತುವ ಕೈ ಇದು. ಅವನಿಂದಾಗಲಿಲ್ಲ. ಮಂಚ ನೆಲದ ಮೇಲೆ ಕಿರ್ರೆಂದಿತು.

ಸಾಹೇಬ ಒಳಗೆ ಬಂದ. ಬಾಗಿಲಾಚೆ ಅತಿಥಿಗಳಿದ್ದರು, ಜೋರಾಗಿ ಬೈಯುವಂತಿರಲಿಲ್ಲ. ಪಿಸುಗುಟ್ಟಿದ. “ಏನಿದು ಗಲಾಟೆ? ಯಾರಿವಳು?”

“ಇವಳ ಗಂಡ ಅಲ್ಲಿ ಸಿಕ್ಕಿಬಿದ್ದಿದ್ದಾನೆ ಸಾರ್,” ಅಂದ ಮೇಸ್ತ್ರಿ.

ಸಾಹೇಬನ ಮುಖ ಮೆತ್ತಗಾಯಿತು. ಹತ್ತಿರ ಬಗ್ಗಿದ. “ನೋಡಮ್ಮ, ನಿನ್ನ ಗಂಡ ಬರೋದು ಬೇಡ್ವಾ? ಸುಮ್ಮನೆ ಎದ್ದು ಕೆಲಸ ಮಾಡು. ಮುಂದಿನ ಹಡಗಲ್ಲಿ ಅವನ ಹೆಸರು ಸೇರಿಸೋಕೆ ನಾನು ನೋಡ್ತೀನಿ. ಇಲ್ಲಾಂದ್ರೆ ಅವನ ಹೆಸರು ಮರೆತುಬಿಡು.”

“ನಮ್ಮ ಮನೆಯವರ ಹೆಸರು ಏನು ಸಾರ್?”

ಅವನು ಬಾಗಿಲ ಕಡೆ ನೋಡಿದ.

“ಹೇಳಿ. ಅವರ ಅಪ್ಪ ಎಷ್ಟು ಸಲ ಬಂದು ನಿಮ್ಮ ಕಿಟಕೀಲಿ ಹೇಳಿದ್ದಾರೆ. ನಿಮ್ಮ ಹತ್ರ ಇರೋದು ಇತರೆ ಅಂತ ಮಾತ್ರ.”

“ಮೆಲ್ಲಗೆ ಮಾತಾಡು.”

“ನಾನು ಮೆಲ್ಲಗೇ ಮಾತಾಡ್ತಿದ್ದೀನಿ. ಬಟ್ಟೆಗೆ ಕೈ ಹಾಕಿದ್ರೆ ಜೋರಾಗಿ ಮಾತಾಡ್ತೀನಿ.”

ಚಹಾದ ಲೋಟ ಹಿಡಿದು ಅತಿಥಿಯೊಬ್ಬ ಬಾಗಿಲಲ್ಲಿ ಇಣುಕಿದ. ಸಾಹೇಬ ನನ್ನ ಹೆಗಲ ಮೇಲೆ ಕೈಯಿಟ್ಟು ನಕ್ಕ, ನಾವು ಬಹಳ ಬೇಕಾದವರ ಹಾಗೆ. ನಾನು ಕೈ ತೆಗೆದುಹಾಕಿದೆ. ನನ್ನ ಜೊತೆ ಬಂದ ಹೆಂಗಸರು ನಿಂತಲ್ಲೇ ನಿಂತರು. ಅವರೂ ತೆಗೆಯಲಿಲ್ಲ. ನನ್ನ ಪರವಾಗಿಯೋ ಭಯಕ್ಕೋ ಗೊತ್ತಿಲ್ಲ, ತೆಗೆಯಲಿಲ್ಲ.

ಅವತ್ತೊಂದು ರಾತ್ರಿ ಗಿರಣಿಯವರು ಮಂಚದ ಮೇಲೆ ಮಲಗಿದರಂತೆ. ಬೆಳಗ್ಗೆ ಸಿಪಾಯಿಗಳೇ ಬಂದು ಎಲ್ಲ ಎತ್ತಿಕೊಂಡು ಹೋದರಂತೆ. ವ್ಯವಸ್ಥೆ ತೃಪ್ತಿಕರವಾಗಿದೆ ಎಂದು ಅತಿಥಿಗಳು ಬರೆದರಂತೆ. ನನ್ನನ್ನು ಲಾಂಡ್ರಿಯ ಗೇಟಿನಿಂದಲೇ ವಾಪಸ್ ಕಳಿಸಿದರು.

ನಾನು ಕಚೇರಿಗೆ ಹೋಗಿ ಬೆಂಚಿನವರಿಗೆಲ್ಲ ನಡೆದದ್ದನ್ನು ಹೇಳಿದೆ. ನನ್ನಂತೆ ಅವರಿಗೂ ಸಿಟ್ಟು ಬರುತ್ತೆ, ಎಲ್ಲರೂ ಒಟ್ಟಿಗೆ ಏಳುತ್ತೇವೆ ಅಂದುಕೊಂಡಿದ್ದೆ. ಸಿಟ್ಟು ಬಂತು. ನನ್ನ ಮೇಲೆ.

“ನನ್ನ ಮಗ ಒಳ್ಳೆ ಹಾಸಿಗೇಲಿ ಮಲಗಿದ್ದಾನೆ ಅಂತ ಕಣ್ಣು ಮುಚ್ತಿದ್ದೆ,” ಅಂದಳು ಹೊಲಿಗೆಯಮ್ಮ. “ಅದನ್ನೂ ಕಿತ್ಕೊಂಡೆಯಲ್ಲೇ. ನಿನಗೇನು ಸಿಕ್ತು?”

ಆಚೆ ಕುರ್ಚಿಯಿಂದ ಇಂಜಿನಿಯರನ ಹೆಂಡತಿ ಎದ್ದು ಬಂದಳು. “ಈಗ ಗಲಾಟೆ ಬೇಡ ಕಣಮ್ಮ. ನಮ್ಮ ಮನೆಯವರ ಹಡಗು ಹೊರಡೋದ್ರಲ್ಲಿದೆ. ಏನಾದ್ರೂ ಹೆಚ್ಚು ಕಡಿಮೆ ಆದ್ರೆ ಎಲ್ಲರದ್ದೂ ನಿಂತುಹೋಗುತ್ತೆ.”

“ನಮ್ಮದು ಎಲ್ಲಿ ಹೊರಟಿದೆ ನಿಲ್ಲೋಕೆ?” ಅಂದೆ. ಅವಳು ಕುರ್ಚಿಗೆ ಹೋದಳು.

ಮನೆಗೆ ನಡೆಯುತ್ತಾ ಮಾವ ಕೇಳಿದರು. “ಚಿತ್ರದಲ್ಲಿದ್ದೋನು ಅವನೇ ತಾನೇ? ಅದೂ ಸುಳ್ಳಾ?”

“ಅವರೇ ಮಾವ. ಅದು ಸುಳ್ಳಲ್ಲ.”

“ಹಾಗಾದ್ರೆ ಕೂತಿದ್ದ. ಸಾರುವೆಯಿಂದ ಬಿದ್ದು ಸೊಂಟ ಮುರಿದಿದ್ರೆ ಕೂರೋಕಾಗ್ತಿರಲಿಲ್ಲ.” ಅಷ್ಟನ್ನು ಅವರು ಉಳಿಸಿಕೊಂಡರು.

ಹಡಗು ಬಂದ ದಿನ ಬಂದರಿನಲ್ಲಿ ಬ್ಯಾಂಡು ಇತ್ತು. ಕಂಪನಿಯವರ ಕುಟುಂಬಗಳು ಎಷ್ಟಾದರೂ ಕಡಿಮೆ, ಜನ ತುಂಬಿ ಕಾಣಬೇಕಲ್ಲ, ಇತರೆಯವರಿಗೂ ಬರಲು ಹೇಳಿದರು. ಹಗ್ಗದ ಹಿಂದೆ ನಿಲ್ಲಿಸಿ ಕೈಗೆ ಕಾಗದದ ಬಾವುಟ ಕೊಟ್ಟರು. ಹಡಗಿನ ಏಣಿಯಿಂದ ಒಬ್ಬೊಬ್ಬರೇ ಇಳಿದರು. ಸೊರಗಿದ್ದರು. ಇಂಜಿನಿಯರನ ಹೆಂಡತಿ ಗಂಡನನ್ನು ತಬ್ಬಿಕೊಂಡು ಅತ್ತಳು. ನೋಡಿ ನನ್ನ ಕಣ್ಣಲ್ಲೂ ನೀರು ಬಂತು. ಹೊಟ್ಟೆಯೂ ಉರಿಯಿತು. ಎರಡೂ ಆಯಿತು.

ಹಗ್ಗದ ಕೆಳಗೆ ನುಸುಳಿ ನಾನು ಆ ಇಂಜಿನಿಯರನ ಹತ್ತಿರ ಹೋದೆ. ನನ್ನ ಗಂಡನ ಹೆಸರು ಹೇಳಿದೆ. ಗಾರೆ ಕೆಲಸದವರು ಅಂದೆ.

“ಕೂಲಿಯವರನ್ನ ಬೇರೆ ಕಡೆ ಇಟ್ಟಿದ್ರು,” ಅಂದ ಅವನು. ಪಾಪ, ನಿಲ್ಲಲೂ ಶಕ್ತಿ ಇರಲಿಲ್ಲ. “ನಮ್ಮ ಕ್ಯಾಂಪಿನ ಸುತ್ತ ಗೋಡೆ ಕಟ್ಟೋಕೆ ಅವರನ್ನ ಕರ್ಕೊಂಡು ಬರ್ತಿದ್ರು. ಗಾರೆಯವರೂ ಇದ್ರು. ಸಾರುವೆ ಮೇಲೆ ಇರ್ತಿದ್ರಲ್ಲ, ಬೆನ್ನು ಮಾತ್ರ ಕಾಣ್ತಿತ್ತು. ಮುಖ ನೋಡಿಲ್ಲಮ್ಮ.”

ಸಾಹೇಬ ಮೈಕು ಹಿಡಿದ. “ನಮ್ಮವರೆಲ್ಲರೂ ಕ್ಷೇಮವಾಗಿ ತಾಯ್ನಾಡಿಗೆ ಮರಳಿದ್ದಾರೆ.”

“ಏನಂದ?” ಎಂದು ಮಾವ ಕೇಳಿದರು.

“ಎಲ್ಲರೂ ಬಂದಾಯ್ತು ಅಂದ, ಮಾವ.”

ಮಾವ ಏಣಿಯ ಕಡೆ ನೋಡಿದರು. ಅದು ಖಾಲಿಯಾಗಿತ್ತು. ಬ್ಯಾಂಡು ಶುರುವಾಯಿತು.

ಅಷ್ಟರಲ್ಲಿ ಹಿಂದಿನ ಗೇಟಿನಿಂದ ಲಾರಿಗಳು ಬಂದವು. ಗಿರಣಿಯವರು. ಅದೇ ಹಡಗಿನಲ್ಲಿ ಅವರು ವಾಪಸ್ ಹೋಗಬೇಕು. ಇಳಿಸಿ ಏಣಿಯ ಕಡೆ ನಡೆಸಿದರು. ಆಗ ಹೊಲಿಗೆಯಮ್ಮ ಬಾವುಟ ಬಿಸಾಡಿ, ಹಗ್ಗ ದಾಟಿ ಓಡಿ, ಏಣಿಯ ಬುಡದಲ್ಲಿ ಅಡ್ಡ ಮಲಗಿಬಿಟ್ಟಳು.

“ಇವರನ್ನೆಲ್ಲ ಕಳಿಸಿಬಿಟ್ರೆ ನನ್ನ ಮಗನಿಗೆ ಬದಲು ಕೊಡೋಕೆ ನಿಮ್ಮ ಹತ್ರ ಯಾರಿದ್ದಾರೆ? ಹೇಳಿ. ತಲೆಗೆ ತಲೆ ಅಂದ್ರಲ್ಲ. ಇವರೆಲ್ಲರನ್ನೂ ಆ ಕುರ್ಚಿಯವರಿಗೇ ಖರ್ಚು ಮಾಡಿದ್ರಾ?”

ಸಾಹೇಬ ಮೈಕು ಕೆಳಗಿಟ್ಟ. ಅಷ್ಟು ದಿನ ನಮ್ಮಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ಅದು. ಬೆಂಚಿನವರೆಲ್ಲ ಓಡಿ ಬಂದರು. ಕೆಲವರು ಅವಳ ಪಕ್ಕ ಕೂತರು. ಪೊಲೀಸರು ಲಾಠಿ ತೆಗೆದರು. ನನಗೂ ಅಲ್ಲೇ ಮಲಗಬೇಕು ಅನ್ನಿಸಿತು. ಇವರನ್ನು ಬಿಟ್ಟರೆ ನನ್ನ ಗಂಡ ಅಲ್ಲೇ ಗೋಡೆ ಬಳಿಯುತ್ತಾ ಮುದುಕನಾಗುತ್ತಾನೆ.

ಗಿರಣಿಯವರು ಗಂಟು ಹಿಡಿದು ನಿಂತಿದ್ದರು. ಎಲ್ಲರಿಗಿಂತ ಮುಂದೆ ಆ ಮಗುವಿನ ಹೆಂಗಸು. ನನ್ನನ್ನು ಗುರುತಿಸಿದಳು. ಏನೋ ಹೇಳಿದಳು, ನನಗೆ ಅರ್ಥವಾಗಲಿಲ್ಲ. ಹಡಗಿನ ಕಡೆ ಕೈ ತೋರಿಸಿದಳು. ಅದು ಅರ್ಥವಾಯಿತು.

“ಯಾರಿವರು?” ಅಂದರು ಮಾವ.

“ಗಿರಣೀಲಿ ಕೂಡಿಹಾಕಿದ್ದರಲ್ಲ, ಅವರು. ಮನೆಗೆ ಹೋಗ್ತಿದ್ದಾರೆ.”

“ಮತ್ತೆ ಯಾಕೆ ನಿಲ್ಸಿದ್ದಾರೆ?”

“ನಮ್ಮವರು ಬಂದಿಲ್ಲ ಅಂತ ನಾವೇ ನಿಲ್ಸಿದ್ದೀವಿ ಮಾವ.”

ಮಾವ ಹೊಲಿಗೆಯಮ್ಮನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತರು. “ಏಳು ತಂಗಿ. ಇವರನ್ನ ಹಿಡಿದೋರು ನಾವಲ್ಲ. ಆ ಕೆಲಸ ನಾವು ಯಾಕೆ ಮಾಡೋಣ?”

“ನನ್ನ ಮಗ?”

“ಅದಕ್ಕೆ ನಾನು ಹೋಗ್ತೀನಿ.”

ಅವರು ಏನು ಹೇಳುತ್ತಿದ್ದಾರೆಂದು ಯಾರಿಗೂ ಗೊತ್ತಾಗಲಿಲ್ಲ. ಹೊಲಿಗೆಯಮ್ಮ ಎದ್ದು ಕೂತು ಮುಖ ಮುಚ್ಚಿಕೊಂಡಳು. ಏಣಿಗೆ ದಾರಿಯಾಯಿತು. ಮಾವ ಆ ಹೆಂಗಸಿನ ಕೈಯಿಂದ ಗಂಟು ತೆಗೆದುಕೊಂಡು ತಲೆ ಮೇಲಿಟ್ಟುಕೊಂಡರು. “ದಾರಿ, ದಾರಿ,” ಎನ್ನುತ್ತಾ ಅವಳ ಹಿಂದೆಯೇ ಹತ್ತಿದರು. ತಲೆ ಮೇಲೆ ಹೊರೆ ಇರುವವನ ಮುಖವನ್ನು ಪೊಲೀಸರು ನೋಡುವುದಿಲ್ಲ. ಬಿಟ್ಟರು.

ಗಿರಣಿಯವರೆಲ್ಲ ಹತ್ತಿದರು. ಮಾವ ಇಳಿಯಲಿಲ್ಲ. ಮೇಲೆ ಕಂಬಿ ಹಿಡಿದು ನಿಂತಿದ್ದರು.

“ಏ ಮುದುಕಾ, ಇಳಿ,” ಎಂದು ಸಾಹೇಬ ಕೂಗಿದ.

“ನಾನು ಇಳಿಯಲ್ಲ ಸ್ವಾಮಿ,” ಅಂದರು ಮಾವ. ಕಿವುಡರ ಮಾತು ದೊಡ್ಡದು, ಬಂದರಿಗೆಲ್ಲ ಕೇಳಿತು. “ಬದಲು ಕೊಡೋಕೆ ಜನ ಇಲ್ಲ ಅಂತೀರಲ್ಲ. ನನ್ನ ಕೊಡಿ. ನನ್ನ ಇಟ್ಕೊಂಡು ಮಗನ್ನ ಬಿಡಲಿ. ನಾನೂ ಗೋಡೆ ಕೆಲಸಕ್ಕೆ ಇಟ್ಟಿಗೆ ಹೊರ್ತೀನಿ.”

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಬ್ಯಾಂಡಿನವರು ನಿಲ್ಲಿಸಿದರು. ಪೊಲೀಸರು ಮೇಲೆ ಹೋದರು. ಕಂಬಿಯಿಂದ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಕೈಗಿಬ್ಬರು ಕಾಲಿಗಿಬ್ಬರು ಹಿಡಿದು ಕೆಳಗೆ ಹೊತ್ತು ತಂದರು. ಬದುಕಿರುವ ಮನುಷ್ಯನನ್ನು ಹಾಗೆ ತರುವುದನ್ನು ನಾನು ನೋಡಬಾರದಿತ್ತು. ಎಳೆದಾಟದಲ್ಲಿ ಬಲಭುಜ ಕೀಲು ತಪ್ಪಿತ್ತು. ನೆಲಕ್ಕೆ ಹಾಕಿದ ಮೇಲೂ ಅವರು ಅಳಲಿಲ್ಲ. ಹಡಗು ಹೋಗುವುದನ್ನು ನೋಡುತ್ತಿದ್ದರು. ಹೊಲಿಗೆಯಮ್ಮ ತನ್ನ ಸೆರಗು ಹರಿದು ಅವರ ಕೈ ಕಟ್ಟಿದಳು. ಅವತ್ತು ಅವಳು ನನ್ನ ಜೊತೆ ಮಾತಾಡಲಿಲ್ಲ, ಆದರೆ ನಮ್ಮ ಜೊತೆಯಲ್ಲೇ ಮನೆವರೆಗೆ ಬಂದಳು.

ನನ್ನ ಗಂಡ ಇನ್ನೂ ಬಂದಿಲ್ಲ. ಕಂಪನಿ ಕಿಟಕಿ ಮುಚ್ಚಿದರು. ಇತರೆ ಕಿಟಕಿಯನ್ನೂ ಮುಚ್ಚುತ್ತೇವೆ ಅಂದರು. ನಾವು ಮೂವರು ಮೊದಲು ಹೋದೆವು, ಆಮೇಲೆ ಬೆಂಚಿನವರೆಲ್ಲ ಬಂದರು. ಮಾವನಂತೆ ಎಲ್ಲರೂ ಹೇಳಿದೆವು. ಹೊಲಿಗೆಯಮ್ಮ ಮಗನ ಬದಲು ತಾನು ಅಂದಳು. ನಾನು ಗಂಡನ ಬದಲು ನಾನು ಅಂದೆ. ನಮ್ಮನ್ನು ಕಳಿಸಿ, ಅವರನ್ನು ತನ್ನಿ.

ಸಾಹೇಬನೇ ಹೊರಗೆ ಬರಬೇಕಾಯಿತು. ಸಿಟ್ಟಿನಿಂದ ಕನ್ನಡಕ ತೆಗೆದು ಒರೆಸಿದ. “ಹಾಗೆಲ್ಲ ಬದಲಾಯಿಸೋಕೆ ಬರಲ್ಲ. ನಿಮ್ಮಂಥೋರನ್ನ ತಗೊಂಡು ಅವರೇನು ಮಾಡ್ತಾರೆ? ನೀವು ಅವರಿಗೆ ಬೇಡ.”

ಈ ಮಾತನ್ನು ನಾನು ಮಾವನ ಕಿವಿಯಲ್ಲಿ ಜೋರಾಗಿ ಹೇಳಿದೆ. ಅವರು ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಸಾಹೇಬನ ಕಡೆ ತಿರುಗಿದರು.

“ನಾವು ಅವರಿಗೂ ಬೇಡ, ನಿಮಗೂ ಬೇಡ,” ಅಂದರು. “ಯಾರಿಗೂ ಬೇಡದೋನನ್ನ ಮತ್ತೆ ಯಾಕೆ ಕೂಡಿಹಾಕಿದ್ದಾರೆ ಸ್ವಾಮಿ?”

ಸಾಹೇಬ ಒಳಗೆ ಹೋದ. ನಾವು ಬೆಂಚಿನಿಂದ ಏಳಲಿಲ್ಲ.